ಅವರ ಮಾತನ್ನು ಅವರಿಂದಲೇ ಕೇಳೋಣ

ಬುದ್ಧಿಮಾಂದ್ಯತೆ ಇರುವ ಯುವಕನೊಬ್ಬ ಎದುರಿಗೇ ಕೂತಿರುತ್ತಾನೆ. ನಾವು ಅವನ ತಾಯಿಯನ್ನು ಕೇಳುತ್ತೇವೆ: "ಅವನಿಗೆ ಚಾ ಬೇಕಾ?" ಚಾದಲ್ಲಿ ಶುರುವಾದದ್ದು ಮಾಸಾಶನದ ಹಣ, ಆಸ್ತಿಯ ಪಾಲು, ಮದುವೆಯವರೆಗೂ ಹೋಗುತ್ತದೆ. ಪ್ರೀತಿ ಇಲ್ಲ ಅಂತಲ್ಲ, ಕೇಳುವ ರೂಢಿ ಇಲ್ಲ.

ಕಾನೂನು ಹೇಳುವುದೇ ಬೇರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 13ನೇ ಕಲಂ ಪ್ರಕಾರ, ಆಸ್ತಿ ಹೊಂದಲು, ಹಣಕಾಸು ನೋಡಿಕೊಳ್ಳಲು ಅವರಿಗೂ ಎಲ್ಲರಷ್ಟೇ ಹಕ್ಕಿದೆ. ನೆರವು ಕೊಡುವವರು ಇಷ್ಟವಾಗದಿದ್ದರೆ ಬದಲಿಸಬಹುದು. ಹಣ, ಆಸ್ತಿಯ ವ್ಯವಹಾರದಲ್ಲಿ ಇಬ್ಬರ ಹಿತ ಎದುರುಬದುರಾದರೆ ನೆರವುಗಾರ ಆ ವಿಷಯದಿಂದ ದೂರ ಸರಿಯಬೇಕು. ಅಂದರೆ, ಪಾಲಿನಲ್ಲಿ ಲಾಭವಿರುವ ಅಣ್ಣನೇ ತಮ್ಮನ ಹೆಬ್ಬೆಟ್ಟು ಹಿಡಿದು ಒತ್ತಿಸುವಂತಿಲ್ಲ. 14ನೇ ಕಲಂ ಪ್ರಕಾರ ನೇಮಕವಾಗುವ ಸೀಮಿತ ಪಾಲಕರೂ ಅವರ ಜೊತೆಗೂಡಿಯೇ ತೀರ್ಮಾನಿಸಬೇಕು.

ಇದನ್ನು ಮನೆಮನೆಗೆ ಮುಟ್ಟಿಸುವವರು ಯಾರು? ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಪಟ್ಟಣಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು, ಅವರ ಮೇಲೆ ತಾಲೂಕು ಮಟ್ಟದ ಕಾರ್ಯಕರ್ತರು ಇದ್ದಾರೆ. ಸ್ವತಃ ಅಂಗವೈಕಲ್ಯ ಇರುವವರನ್ನೇ ಈ ಕೆಲಸಕ್ಕೆ ಆರಿಸುತ್ತಾರೆ. ನಮ್ಮ ಕರಾವಳಿಯ ಊರುಗಳಿರಲಿ, ಸಿರುಗುಪ್ಪ ತಾಲೂಕಿನ ಭತ್ತದ ಸೀಮೆಯ ತೆಕ್ಕಲಕೋಟೆಯಂಥ ಪಟ್ಟಣ ಪಂಚಾಯಿತಿ ಇರಲಿ, ಗುರುತಿನ ಚೀಟಿ, ಮಾಸಾಶನ, ಬಸ್ ಪಾಸಿಗೆ ಜನ ಹುಡುಕುವುದು ಇವರನ್ನೇ. ಅರ್ಜಿ ತುಂಬಿಸುವ ಕೆಲಸದ ಜೊತೆಗೆ, ಅರ್ಜಿದಾರನ ಮನಸ್ಸು ತಿಳಿಯುವ ತರಬೇತಿಯೂ ಇವರಿಗೆ ಸಿಗಬೇಕು.

ಆ ತರಬೇತಿಯಲ್ಲಿ ಏನಿರಬೇಕು? ಮೊದಲು ಆ ವ್ಯಕ್ತಿಯ ಮುಖ ನೋಡಿಯೇ ಮಾತಾಡುವುದು. ಒಂದು ಸಲಕ್ಕೆ ಒಂದೇ ಪ್ರಶ್ನೆ, ಸಣ್ಣ ಮಾತಿನಲ್ಲಿ, ಮನೆಭಾಷೆಯಲ್ಲಿ. ಬ್ಯಾರಿ ಮನೆಯಾದರೆ ಬ್ಯಾರಿಯಲ್ಲೇ ಕೇಳಿದರೆ ಚೆಂದ. ಮಾತು ಬಾರದವರಿಗೆ ಚಿತ್ರ, ಸನ್ನೆ, ವಸ್ತು ತೋರಿಸುವುದು. ಉತ್ತರ ಬರುವವರೆಗೆ ಕಾಯುವುದು. ಎಲ್ಲದಕ್ಕೂ "ಹೂಂ" ಅಂದರೆ ಒಪ್ಪಿಗೆ ಎಂದು ಬರೆದುಕೊಳ್ಳದೆ, ಪ್ರಶ್ನೆ ತಿರುಗಿಸಿ, ಇನ್ನೊಂದು ದಿನವೂ ಕೇಳುವುದು. ಮನೆಯವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸುವುದೂ ಕೆಲವೊಮ್ಮೆ ಬೇಕಾದೀತು. ಕಾರ್ಯಕರ್ತರಿಗೆ ಅವರ ಆಯ್ಕೆ ಹಿಡಿಸದಿದ್ದರೂ, ಅದರಿಂದ ಏನಾಗಬಹುದು ಎಂದು ತಿಳಿಸಿ, ಆಯ್ಕೆಯನ್ನು ಅವರಿಗೇ ಬಿಡಬೇಕು. ಎಲ್ಲಕ್ಕಿಂತ ಕಷ್ಟದ ಪಾಠ ಇದೇ.

"ಅವನಿಗೆ ಏನು ಗೊತ್ತಾಗುತ್ತದೆ, ಯಾರಾದರೂ ಮೋಸ ಮಾಡಿದರೆ?" ಎಂಬ ಹೆತ್ತವರ ಭಯ ಸುಳ್ಳಲ್ಲ. ಆದರೆ ಬಟ್ಟೆಯ ಬಣ್ಣವನ್ನೂ ಆರಿಸಿ ಅಭ್ಯಾಸವಿಲ್ಲದವನಿಗೆ, ತಂದೆ-ತಾಯಿ ಕಣ್ಮುಚ್ಚಿದ ಮೇಲೆ ಆಸ್ತಿ ಪತ್ರಕ್ಕೆ "ಬೇಡ" ಅನ್ನಲು ಹೇಗೆ ಬಂದೀತು?

ಕುಟುಂಬದವರಿಗೂ ಊರಿನವರಿಗೂ ತರಬೇತಿ ಸಿಗಬೇಕೆಂದು ಇದೇ ಕಾಯ್ದೆಯ 47ನೇ ಕಲಂ ಹೇಳುತ್ತದೆ. ಪಂಚಾಯಿತಿಯಲ್ಲಿ, ಜಮಾಅತಿನಲ್ಲಿ ನಾವು ಅದನ್ನು ಕೇಳಿ ಪಡೆಯಬೇಕು. ಅಲ್ಲಿಯವರೆಗೆ, ಕಾರ್ಯಕರ್ತರು ಮನೆಗೆ ಬಂದು ಮಗನನ್ನು ಏನಾದರೂ ಕೇಳಿದಾಗ, ನಾವು ನಡುವೆ ಬಾಯಿ ಹಾಕದಿದ್ದರೆ ಅದೂ ದೊಡ್ಡ ನೆರವೇ.