ಕೀಲಿನೊಳಗಿನ ತೂಬು

ಟಿಎನ್‌ಎಫ್ ಎಂಬ ಪ್ರೋಟೀನನ್ನು ಕೀಲುಬೇನೆಗೋಸ್ಕರ ಯಾರೂ ಹುಡುಕಿಕೊಂಡು ಹೋದದ್ದಲ್ಲ. ಒಬ್ಬರು ಕ್ಯಾನ್ಸರ್ ಗಡ್ಡೆ ಕರಗಿಸಲು ಹೊರಟಿದ್ದರು. ಇನ್ನೊಬ್ಬರು ಆಫ್ರಿಕಾದ ದನಗಳು ರೋಗ ತಗುಲಿ ಯಾಕೆ ಬಡಕಲಾಗುತ್ತವೆ ಎಂದು ತಲೆ ಕೆಡಿಸಿಕೊಂಡಿದ್ದರು. ಒಂದು ಕಂಪನಿಗೆ ರಕ್ತಕ್ಕೇರುವ ನಂಜಿಗೆ ಮದ್ದು ಬೇಕಿತ್ತು. ಕೊನೆಗೆ ಅದರಿಂದ ನಿಜವಾದ ಉಪಯೋಗ ಪಡೆದವರು ಬೆಳಗ್ಗೆ ಎದ್ದು ಲೋಟ ಹಿಡಿಯಲಾಗದೆ ಕೂತಿದ್ದ ಸಂಧಿವಾತದ ರೋಗಿಗಳು.

ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ 1890ರ ದಶಕದಲ್ಲಿ ಒಂದು ವಿಚಿತ್ರವನ್ನು ಬೆನ್ನು ಹತ್ತಿದ್ದರು. ಕ್ಯಾನ್ಸರ್ ಇದ್ದವರಿಗೆ ಚರ್ಮದ ಸೋಂಕು ತಗುಲಿ ಜ್ವರ ಏರಿದರೆ ಕೆಲವೊಮ್ಮೆ ಗಡ್ಡೆಯೇ ಕುಗ್ಗಿಬಿಡುತ್ತಿತ್ತು. ಕೋಲಿ ಬ್ಯಾಕ್ಟೀರಿಯಾಗಳ ದ್ರಾವಣವನ್ನೇ ರೋಗಿಗಳಿಗೆ ಚುಚ್ಚತೊಡಗಿದರು. ಕೆಲವರಿಗೆ ಗುಣವಾಯಿತು, ಹಲವರಿಗೆ ಆಗಲಿಲ್ಲ. ಯಾಕೆ ಎಂದು ಹೇಳಲು ಅವರ ಕಾಲದ ವಿಜ್ಞಾನದಲ್ಲಿ ಸಾಮಗ್ರಿಯೇ ಇರಲಿಲ್ಲ. ಅವರು ಕೆಲಸ ಮಾಡಿದ ಆಸ್ಪತ್ರೆಯೇ ಮುಂದೆ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಎಂಬ ದೊಡ್ಡ ಕ್ಯಾನ್ಸರ್ ಕೇಂದ್ರವಾಯಿತು. ಅಲ್ಲಿಯೇ 1975ರಲ್ಲಿ ಎಲಿಜಬೆತ್ ಕಾರ್ಸ್‌ವೆಲ್, ಲಾಯ್ಡ್ ಓಲ್ಡ್ ಮತ್ತು ಸಂಗಡಿಗರು ಉತ್ತರದ ತುದಿಯೊಂದನ್ನು ಹಿಡಿದರು. ಇಲಿಗಳಿಗೆ ಮೊದಲು ಬಿಸಿಜಿ ಕೊಟ್ಟು, ಕೆಲವು ದಿನ ಬಿಟ್ಟು ಬ್ಯಾಕ್ಟೀರಿಯಾದ ಹೊರಪೊರೆಯ ನಂಜನ್ನು ಚುಚ್ಚಿದರು. ಆ ಇಲಿಗಳ ರಕ್ತದಿಂದ ತೆಗೆದ ಸೀರಂ ಅನ್ನು ಗಡ್ಡೆಯಿದ್ದ ಬೇರೆ ಇಲಿಗಳಿಗೆ ಕೊಟ್ಟಾಗ ಗಡ್ಡೆಯ ನಡುಭಾಗ ಕಪ್ಪಾಗಿ ಸತ್ತುಹೋಯಿತು. ಗಡ್ಡೆಯನ್ನು ಕೊಂದದ್ದು ಬ್ಯಾಕ್ಟೀರಿಯಾ ಅಲ್ಲ, ಬ್ಯಾಕ್ಟೀರಿಯಾಕ್ಕೆ ಬೆದರಿ ಇಲಿಯ ದೇಹವೇ ಸ್ರವಿಸಿದ ಯಾವುದೋ ವಸ್ತು. ಅದಕ್ಕೆ ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್ ಎಂದು ಹೆಸರಿಟ್ಟರು.

1984ರಲ್ಲಿ ಅದರ ಜೀನ್ ಸಿಕ್ಕಿತು, ಬೇಕಾದಷ್ಟು ಪ್ರೋಟೀನ್ ತಯಾರಿಸುವುದು ಸಾಧ್ಯವಾಯಿತು. ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದರೆ ಚಳಿಜ್ವರ ಬಂತು, ರಕ್ತದೊತ್ತಡ ಕುಸಿಯಿತು. ಗಡ್ಡೆ ಮಾತ್ರ ಇದ್ದಲ್ಲೇ ಇತ್ತು. ಕೈಕಾಲಿನ ಕೆಲವು ಗಡ್ಡೆಗಳಿಗೆ ಆ ಅಂಗದ ರಕ್ತನಾಳಕ್ಕಷ್ಟೇ ಸೀಮಿತವಾಗಿ ಕೊಡುವ ವಿಧಾನ ಮುಂದೆ ಉಳಿದುಕೊಂಡಿತು. ಮಿಕ್ಕ ಆಸೆಯೆಲ್ಲ ಅಲ್ಲಿಗೆ ಮುಗಿಯಿತು.

ಅದೇ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಆಂಟನಿ ಸೆರಾಮಿ ಅವರ ತಲೆಯಲ್ಲಿ ಇದ್ದದ್ದು ದನಗಳು. ತ್ಸೆತ್ಸೆ ನೊಣ ಹರಡುವ ಟ್ರಿಪನೋಸೋಮ್ ಪರಾವಲಂಬಿ ತಗುಲಿದ ಜಾನುವಾರು ಎಲುಬು ಎಣಿಸುವಷ್ಟು ಸೊರಗಿ ಸಾಯುತ್ತವೆ. ಪ್ರಯೋಗಕ್ಕೆ ತೆಗೆದುಕೊಂಡ ಮೊಲಗಳಲ್ಲೂ ಹಾಗೇ ಆಯಿತು. ತಮಾಷೆಯೆಂದರೆ ಸಾಯುವ ಮೊಲದ ಮೈಯಲ್ಲಿ ಪರಾವಲಂಬಿಗಳು ತೀರಾ ಕಡಿಮೆ ಇದ್ದವು, ರಕ್ತದಲ್ಲಿ ಮಾತ್ರ ಕೊಬ್ಬು ತುಂಬಿ ತುಳುಕುತ್ತಿತ್ತು. ಕೊಬ್ಬನ್ನು ಜೀವಕೋಶಗಳಿಗೆ ಒಳತೆಗೆದುಕೊಳ್ಳುವ ಕಿಣ್ವವನ್ನು ಏನೋ ಒಂದು ಅಡಗಿಸುತ್ತಿದೆ ಎಂದು ಸೆರಾಮಿ ತರ್ಕಿಸಿ, ಅದಕ್ಕೆ ಕ್ಯಾಕೆಕ್ಟಿನ್ ಎಂದು ಕರೆದರು. ಅದನ್ನು ಶುದ್ಧೀಕರಿಸುವ ಕೆಲಸ ಬ್ರೂಸ್ ಬ್ಯೂಟ್ಲರ್ ಎಂಬ ಯುವಕನ ಪಾಲಿಗೆ ಬಂತು. 1985ರಲ್ಲಿ ನೋಡಿದರೆ ಕ್ಯಾಕೆಕ್ಟಿನ್ ಬೇರೆ ಏನೂ ಅಲ್ಲ, ಟಿಎನ್‌ಎಫ್ಫೇ! ಬೇರೆ ಬೇರೆ ದಾರಿ ಹಿಡಿದವರು ಒಂದೇ ಮನೆಯ ಬಾಗಿಲು ತಟ್ಟಿದ್ದರು. ಬ್ಯೂಟ್ಲರ್ ಅವರಿಗೆ 2011ರಲ್ಲಿ ನೊಬೆಲ್ ಬಂದದ್ದು ಈ ಕೆಲಸಕ್ಕಲ್ಲ. ಬ್ಯಾಕ್ಟೀರಿಯಾದ ನಂಜನ್ನು ದೇಹ ಹೇಗೆ ಗುರುತು ಹಿಡಿಯುತ್ತದೆ ಎಂಬ ಮುಂದಿನ ಶೋಧಕ್ಕೆ.

ಟಿಎನ್‌ಎಫ್‌ಗೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುವ ಪ್ರತಿಕಾಯ ಕೊಟ್ಟರೆ ಇಲಿಗಳು ನಂಜಿನಿಂದ ಬದುಕುಳಿದವು. 1987ರಲ್ಲಿ ಕೆವಿನ್ ಟ್ರೇಸಿ ಬಬೂನ್ ಕೋತಿಗಳಲ್ಲೂ ಇದನ್ನು ತೋರಿಸಿದರು. ಐಸಿಯುಗಳಲ್ಲಿ ನಂಜೇರಿ ಸಾಯುವವರ ಸಂಖ್ಯೆ ನೆನೆದು ಔಷಧ ಕಂಪನಿಗಳ ಬಾಯಲ್ಲಿ ನೀರೂರಿತು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಯಾನ್ ವಿಲ್ಚೆಕ್ ಮತ್ತು ಜುನ್‌ಮಿಂಗ್ ಲೆ ಇಲಿಯ ಕೋಶಗಳಿಂದ ಎ2 ಎಂಬ ಪ್ರತಿಕಾಯ ತಯಾರಿಸಿದರು. ಸೆಂಟೊಕಾರ್ ಕಂಪನಿ ಅದರ ಮುಕ್ಕಾಲು ಭಾಗವನ್ನು ಮನುಷ್ಯನ ಪ್ರತಿಕಾಯದಂತೆ ಬದಲಿಸಿ ಸಿಎ2 ಎಂದು ಕರೆಯಿತು. ನಂಜಿನಲ್ಲಿ ಅದೂ ಕೆಲಸ ಮಾಡಲಿಲ್ಲ. ರೋಗಿ ಆಸ್ಪತ್ರೆ ತಲುಪುವ ಹೊತ್ತಿಗೆ ಟಿಎನ್‌ಎಫ್ ತನ್ನ ಹಾನಿ ಮುಗಿಸಿರುತ್ತದೆ. ಪ್ರಯೋಗಶಾಲೆಯ ಕೋತಿಗೆ ಮಾತ್ರ ಮೊದಲೇ ಮದ್ದು ಕೊಟ್ಟಿರಲು ಸಾಧ್ಯ. ಸೆಂಟೊಕಾರ್‌ನ ಇನ್ನೊಂದು ನಂಜಿನ ಮದ್ದು ಸೆಂಟಾಕ್ಸಿನ್ ಕೂಡ 1993ರ ಆರಂಭದಲ್ಲಿ ನೆಲಕಚ್ಚಿ, ಕಂಪನಿಯೇ ಮುಳುಗುವ ಹಾಗಾಯಿತು.

ಇನ್ನು ಲಂಡನ್ನಿನ ಮಾತು.

ಹ್ಯಾಮರ್‌ಸ್ಮಿತ್‌ನ ಕೆನಡಿ ಸಂಧಿವಾತ ಸಂಶೋಧನಾ ಸಂಸ್ಥೆಯಲ್ಲಿ ಜೊತೆಗೂಡಿದ ಇಬ್ಬರೂ ದೂರದಿಂದ ಬಂದವರು. ರವೀಂದರ್ ಮೈನಿ 1937ರಲ್ಲಿ ಲುಧಿಯಾನದಲ್ಲಿ ಹುಟ್ಟಿ ಉಗಾಂಡದಲ್ಲಿ ಬೆಳೆದ ಸಂಧಿವಾತ ತಜ್ಞ. ಮಾರ್ಕ್ ಫೆಲ್ಡ್‌ಮನ್ ಪೋಲೆಂಡಿನ ಯಹೂದಿ ಕುಟುಂಬದ ಮಗ, ಫ್ರಾನ್ಸ್ ಹಾದು ಆಸ್ಟ್ರೇಲಿಯಾ ಸೇರಿ ಅಲ್ಲಿ ವೈದ್ಯ ಓದಿದ ರೋಗನಿರೋಧಕ ವಿಜ್ಞಾನಿ. ದೇಹ ತನ್ನ ಮೇಲೆ ತಾನೇ ತಿರುಗಿಬೀಳುವ ರೋಗಗಳಲ್ಲಿ ಸೈಟೊಕೈನ್‌ಗಳ, ಅಂದರೆ ಕೋಶಗಳು ಪರಸ್ಪರ ಕಳಿಸುವ ಸಂದೇಶದ ಪ್ರೋಟೀನ್‌ಗಳ ಕೈವಾಡ ಇರಬೇಕೆಂದು ಫೆಲ್ಡ್‌ಮನ್ 1983ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವಾದಿಸಿದ್ದರು. ಅದನ್ನು ಪರೀಕ್ಷಿಸಲು ಅವರಿಗೆ ರೋಗ ನಡೆಯುತ್ತಿರುವ ಜಾಗದ್ದೇ ಅಂಗಾಂಶ ಬೇಕಿತ್ತು. ಬದುಕಿರುವ ಸಕ್ಕರೆ ಕಾಯಿಲೆಯವರ ಮೇದೋಜೀರಕ ಗ್ರಂಥಿಯನ್ನು ಯಾರು ಕೊಡುತ್ತಾರೆ? ಕೀಲು ಹಾಗಲ್ಲ. ರುಮಟಾಯ್ಡ್ ಸಂಧಿವಾತದವರ ಕೀಲಿಗೆ ಶಸ್ತ್ರಚಿಕಿತ್ಸೆ ಆದಾಗ ಊದಿಕೊಂಡ ಒಳಪೊರೆಯನ್ನು ತೆಗೆದು ಎಸೆಯುತ್ತಿದ್ದರು. ಎಸೆಯುವುದನ್ನು ಇವರು ಪ್ರಯೋಗಾಲಯಕ್ಕೆ ತರಿಸಿಕೊಂಡರು.

ಆ ಒಳಪೊರೆ ಆರೋಗ್ಯವಂತರಲ್ಲಿ ಒಂದೆರಡು ಕೋಶಗಳಷ್ಟೇ ದಪ್ಪದ್ದು. ರುಮಟಾಯ್ಡ್‌ನಲ್ಲಿ ಅದು ದಪ್ಪಗೆ ಬೆಳೆದು, ರಕ್ತದಿಂದ ಬಂದ ಕೋಶಗಳಿಂದ ಕಿಕ್ಕಿರಿದು, ಪಕ್ಕದ ಮೃದ್ವಸ್ಥಿಯನ್ನೂ ಎಲುಬನ್ನೂ ಕೊರೆಯುತ್ತದೆ. ನೂರರಲ್ಲಿ ಸುಮಾರು ಒಬ್ಬರಿಗೆ ಬರುವ ರೋಗ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಆಗ ಇದ್ದ ಮದ್ದು ಚಿನ್ನದ ಲವಣದ ಇಂಜೆಕ್ಷನ್, ಸ್ಟೆರಾಯ್ಡ್, ಹೊಸದಾಗಿ ಮೆಥೊಟ್ರೆಕ್ಸೇಟ್.

ತರಿಸಿಕೊಂಡ ಪೊರೆಯಲ್ಲಿ ಹುಡುಕಿದರೆ ಸಿಗದ ಸೈಟೊಕೈನೇ ಇರಲಿಲ್ಲ. ಇಂಟರ್‌ಲ್ಯೂಕಿನ್-1, 6, 8, ಟಿಎನ್‌ಎಫ್, ಇನ್ನೂ ಎಷ್ಟೋ. ಇದೇ ತೊಡಕು. ಹತ್ತಾರು ಪ್ರೋಟೀನ್‌ಗಳು ಒಟ್ಟಿಗೆ ಉರಿಯೂತ ಎಬ್ಬಿಸುತ್ತಿರುವಾಗ ಒಂದನ್ನು ತಡೆದು ಏನು ಸಾಧಿಸಿದಂತಾಯಿತು, ಮಿಕ್ಕವು ಆ ಕೆಲಸ ಮಾಡುವುದಿಲ್ಲವೇ ಎಂಬುದು ಆಗಿನ ಬಹುಪಾಲು ವಿಜ್ಞಾನಿಗಳ ಮಾತು. ಅದು ತಳಬುಡವಿಲ್ಲದ ಮಾತೇನೂ ಆಗಿರಲಿಲ್ಲ. ನಾನು ಆಗ ಅಲ್ಲಿ ಕೂತಿದ್ದರೆ ಅವರ ಪರವಾಗಿಯೇ ತಲೆಯಾಡಿಸುತ್ತಿದ್ದೆ ಅನಿಸುತ್ತದೆ. ಅದೂ ಅಲ್ಲದೆ, ಮೃದ್ವಸ್ಥಿ ಹಾಳುಮಾಡುವ ವಿಷಯದಲ್ಲಿ ಆಗ ಎಲ್ಲರ ಗುಮಾನಿ ಇದ್ದದ್ದು ಇಂಟರ್‌ಲ್ಯೂಕಿನ್-1ರ ಮೇಲೆ.

ಇದಕ್ಕೆ ಉತ್ತರ ಕೊಟ್ಟದ್ದು ಫಿಯೊನುಲಾ ಬ್ರೆನನ್ ಮಾಡಿದ ಪ್ರಯೋಗ. ಈ ಕತೆಯಲ್ಲಿ ಪ್ರಶಸ್ತಿಗಳ ಪಟ್ಟಿ ಓದುವವರಿಗೆ ಆಕೆಯ ಹೆಸರು ಸಿಗುವುದಿಲ್ಲ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಆ ಗುಂಪು ಒಳಪೊರೆಯ ಕೋಶಗಳನ್ನು ಬಿಡಿಬಿಡಿಯಾಗಿಸಿ ಗಾಜಿನ ತಟ್ಟೆಯಲ್ಲಿ ಇಟ್ಟಿತು. ಸಾಮಾನ್ಯವಾಗಿ ರಕ್ತದ ಕೋಶಗಳನ್ನು ಹೀಗೆ ಇಟ್ಟರೆ ಹೊರಗಿನಿಂದ ಕೆಣಕಿದಾಗ ಮಾತ್ರ ಸೈಟೊಕೈನ್ ಬಿಡುತ್ತವೆ, ಅದೂ ಸ್ವಲ್ಪ ಹೊತ್ತು. ಕೀಲಿನ ಈ ಕೋಶಗಳು ಯಾರೂ ಕೆಣಕದೆ ದಿನಗಟ್ಟಲೆ ಬಿಡುತ್ತಲೇ ಇದ್ದವು. ಅಂದರೆ ರೋಗವೇ ತಟ್ಟೆಯೊಳಗೆ ಬಂದು ಕೂತಿತ್ತು. ಅದರೊಳಗೆ ಬ್ರೆನನ್ ಟಿಎನ್‌ಎಫ್ ತಡೆಯುವ ಪ್ರತಿಕಾಯ ಹಾಕಿದರು. ಟಿಎನ್‌ಎಫ್ ಹತೋಟಿಗೆ ಬರುವುದು ನಿರೀಕ್ಷಿತವೇ. ಆದರೆ ಇಂಟರ್‌ಲ್ಯೂಕಿನ್-1 ಕೂಡ ಇಳಿದುಹೋಯಿತು. ಟಿಎನ್‌ಎಫ್‌ನ ಹತ್ತಿರದ ಸಂಬಂಧಿಯಾದ ಲಿಂಫೊಟಾಕ್ಸಿನ್ ಅನ್ನು ತಡೆದರೆ ಹಾಗಾಗಲಿಲ್ಲ. ಏಳು ಮಂದಿ ರುಮಟಾಯ್ಡ್ ರೋಗಿಗಳ ಕೋಶಗಳಲ್ಲೂ ಇದೇ ಫಲ. ವಯಸ್ಸಿನಿಂದ ಮಂಡಿ ಸವೆದ ಏಳು ಮಂದಿಯದನ್ನು ಹೋಲಿಕೆಗೆ ಇಟ್ಟಿದ್ದರು; ಅವರಲ್ಲಿ ಇಂಟರ್‌ಲ್ಯೂಕಿನ್-1 ಹೆಚ್ಚಿದ್ದ ಇಬ್ಬರಲ್ಲೂ ಈ ಪ್ರತಿಕಾಯ ಅದನ್ನು ಇಳಿಸಲಿಲ್ಲ. 1989ರ ಜುಲೈನಲ್ಲಿ ಲ್ಯಾನ್ಸೆಟ್ ಇದನ್ನು ಪ್ರಕಟಿಸಿತು. ಮುಂದಿನ ಪ್ರಯೋಗಗಳಲ್ಲಿ ಇಂಟರ್‌ಲ್ಯೂಕಿನ್-6, 8 ಕೂಡ ಟಿಎನ್‌ಎಫ್ ಹಿಂದೆಯೇ ಇಳಿದವು.

ಕೆರೆಯ ತೂಬು ಮುಚ್ಚಿದರೆ ಕೆಳಗಿನ ಕಾಲುವೆಗಳನ್ನು ಒಂದೊಂದಾಗಿ ಕಟ್ಟುತ್ತಾ ಹೋಗಬೇಕಿಲ್ಲ. ಕೀಲಿನೊಳಗೆ ಟಿಎನ್‌ಎಫ್ ಇದ್ದ ಜಾಗ ಅದು. ಎಲ್ಲ ಸೈಟೊಕೈನ್‌ಗಳೂ ಸರಿಸಮಾನರಲ್ಲ, ಅವುಗಳಲ್ಲಿ ಮೇಲಿನದು ಕೆಳಗಿನದು ಎಂದಿದೆ ಎಂಬ ಈ ತಿಳಿವಳಿಕೆಯೇ ನನ್ನ ಲೆಕ್ಕದಲ್ಲಿ ನಿಜವಾದ ಆವಿಷ್ಕಾರ. ಆಮೇಲಿನದೆಲ್ಲ ಅದನ್ನು ಜನರಿಗೆ ಒಪ್ಪಿಸುವ ಕೆಲಸ.

ಒಪ್ಪಿಸುವುದೂ ಸುಲಭವಾಗಲಿಲ್ಲ. ಅಥೆನ್ಸ್‌ನಲ್ಲಿ ಜಾರ್ಜ್ ಕೊಲಿಯಾಸ್ ಅವರ ಗುಂಪು ಮನುಷ್ಯರ ಟಿಎನ್‌ಎಫ್ ಜೀನ್ ಸೇರಿಸಿದ ಇಲಿಗಳನ್ನು ಬೆಳೆಸಿತು. ಟಿಎನ್‌ಎಫ್ ಅತಿಯಾಗಿ ತಯಾರಾಗುತ್ತಿದ್ದ ಆ ಇಲಿಗಳಿಗೆ ತಂತಾನೇ ಸಂಧಿವಾತ ಬಂತು. ಪ್ರತಿಕಾಯ ಕೊಟ್ಟರೆ ಬರಲಿಲ್ಲ. ಇದು 1991ರ ವರದಿ. ಲಂಡನ್ನಿನಲ್ಲಿ ರಿಚರ್ಡ್ ವಿಲಿಯಮ್ಸ್ ಆಗಲೇ ಕಾಲು ಊದಿಕೊಂಡಿದ್ದ ಇಲಿಗಳಿಗೆ ಪ್ರತಿಕಾಯ ಕೊಟ್ಟು, ಊತದ ಜೊತೆಗೆ ಕೀಲಿನ ಸವಕಳಿಯೂ ತಗ್ಗಿದ್ದನ್ನು 1992ರಲ್ಲಿ ತೋರಿಸಿದರು. ರೋಗ ಬರುವ ಮುಂಚೆ ತಡೆಯುವುದು ಒಂದು, ಬಂದಮೇಲೆ ಹಿಮ್ಮೆಟ್ಟಿಸುವುದು ಇನ್ನೊಂದು. ಆಸ್ಪತ್ರೆಗೆ ಬರುವವರು ಎರಡನೆಯ ಪಂಗಡದವರೇ.

ಮನುಷ್ಯರಿಗೆ ಕೊಡಬಲ್ಲ ಪ್ರತಿಕಾಯ ಆಗ ಇದ್ದದ್ದು ನಂಜಿನ ಮದ್ದಿನ ಕಂಪನಿಗಳ ಶೀತಲ ಪೆಟ್ಟಿಗೆಗಳಲ್ಲಿ. ಸೆಂಟೊಕಾರ್‌ನ ಸಂಶೋಧನೆಯ ಮುಖ್ಯಸ್ಥ ಜಿಮ್ ವುಡಿ ಹಿಂದೆ ಫೆಲ್ಡ್‌ಮನ್ ಜೊತೆ ಕೆಲಸ ಮಾಡಿದ್ದವರು. ಆ ಪರಿಚಯದಿಂದ ಸಿಎ2 ಲಂಡನ್ನಿಗೆ ಬಂತು. 1992ರಲ್ಲಿ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ, ಇದ್ದ ಮದ್ದೆಲ್ಲ ಸೋತ 20 ರೋಗಿಗಳಿಗೆ ಡ್ರಿಪ್ ಮೂಲಕ ಕೊಡಲಾಯಿತು. ಮೈಕೆಲ್ ಎಲಿಯಟ್ ರೋಗಿಗಳ ಉಸ್ತುವಾರಿ ನೋಡಿಕೊಂಡರು. ಆರು ವಾರದಲ್ಲಿ ಊದಿದ ಕೀಲುಗಳ ಮಧ್ಯಾಂಕ 18ರಿಂದ 5ಕ್ಕೆ ಬಂತು. ಉರಿಯೂತದ ಅಳತೆಯಾದ ಸಿಆರ್‌ಪಿ ಲೀಟರಿಗೆ 39.5 ಮಿಲಿಗ್ರಾಂನಿಂದ 8ಕ್ಕೆ ಇಳಿಯಿತು. ಎಷ್ಟೋ ವರ್ಷಗಳಿಂದ ಹೊತ್ತಿದ್ದ ಆಯಾಸ ಡ್ರಿಪ್ ಮುಗಿದ ಕೆಲವೇ ಗಂಟೆಗಳಲ್ಲಿ ಕಳಚಿಹೋಯಿತು ಎಂದು ಕೆಲವರು ಹೇಳಿದರು.

ಮದ್ದು ಕೊಟ್ಟವರಿಗೂ ತೆಗೆದುಕೊಂಡವರಿಗೂ ಏನು ಕೊಟ್ಟಿದೆ ಎಂದು ಗೊತ್ತಿದ್ದ ಪ್ರಯೋಗ ಅದು. ಸಂಶಯವಾದಿಗಳಿಗೆ ಅಷ್ಟು ಸಾಕಾಗಲಿಲ್ಲ, ಸಾಕಾಗಲೂ ಬಾರದು. ಲಂಡನ್, ಲೈಡನ್, ವಿಯೆನ್ನಾ, ಎರ್ಲಾಂಗನ್‌ಗಳಲ್ಲಿ 73 ಮಂದಿಯನ್ನು ಸೇರಿಸಿಕೊಂಡು, ಯಾರಿಗೆ ಮದ್ದು ಯಾರಿಗೆ ಹುಸಿಮದ್ದು ಎಂಬುದು ವೈದ್ಯರಿಗೂ ತಿಳಿಯದಂತೆ ಪರೀಕ್ಷೆ ನಡೆಯಿತು. ನಾಲ್ಕು ವಾರಕ್ಕೆ ಹುಸಿಮದ್ದಿನ 24 ಮಂದಿಯಲ್ಲಿ ಇಬ್ಬರಿಗೆ ಹಿತವಾಗಿತ್ತು, ಹೆಚ್ಚು ಪ್ರಮಾಣದ ಮದ್ದು ಪಡೆದ 24ರಲ್ಲಿ 19 ಮಂದಿಗೆ. 1994ರಲ್ಲಿ ಅದು ಪ್ರಕಟವಾದ ಮೇಲೆ ವಾದ ತಣ್ಣಗಾಯಿತು.

ಮದ್ದಿನ ಬಲ ಮುಗಿದೊಡನೆ ರೋಗ ಮರಳಿತು. ಮೊದಲ ತಂಡದ ಎಂಟು ಮಂದಿಗೆ ಮತ್ತೆ ಕೊಟ್ಟರು, ಮತ್ತೆ ತಗ್ಗಿತು. ಇದು ನಿರಾಸೆಯೂ ಹೌದು, ಪುರಾವೆಯೂ ಹೌದು: ಟಿಎನ್‌ಎಫ್ ರೋಗವನ್ನು ಹಚ್ಚಿ ಸುಮ್ಮನಾಗುವುದಿಲ್ಲ, ದಿನದಿನವೂ ಅದನ್ನು ಉರಿಸುತ್ತಿರುತ್ತದೆ. ಸಿಎ2ಗೆ ಇನ್‌ಫ್ಲಿಕ್ಸಿಮಾಬ್ ಎಂಬ ಹೆಸರು ಬಂತು. ಅದಕ್ಕೆ ಮೆಥೊಟ್ರೆಕ್ಸೇಟ್ ಜೋಡಿಸಿ 428 ರೋಗಿಗಳಲ್ಲಿ ನಡೆಸಿದ ಅಧ್ಯಯನದಲ್ಲಿ, ಎಕ್ಸ್‌ರೇಯಲ್ಲಿ ಕಾಣುವ ಎಲುಬಿನ ಕೊರೆತ ಬಹುಮಟ್ಟಿಗೆ ನಿಂತಿತ್ತು. ನೋವು ತಗ್ಗಿಸುವ ಮದ್ದು ಮೊದಲೂ ಇತ್ತು, ಇಷ್ಟರ ಮಟ್ಟಿಗೆ ಕೀಲು ಉಳಿಸುವುದು ಇರಲಿಲ್ಲ. ಟಿಎನ್‌ಎಫ್ ತಡೆಯುವ ಇನ್ನೆರಡು ಮದ್ದುಗಳು, 1998ರಲ್ಲಿ ಎಟನರ್ಸೆಪ್ಟ್, 2002ರ ಕೊನೆಗೆ ಅಡಾಲಿಮುಮಾಬ್ ಬಂದವು. ಬೆನ್ನುಮೂಳೆಯ ಎಲುಬುಗಳನ್ನು ಬೆಸೆದುಬಿಡುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ಗೆ ವ್ಯಾಯಾಮ ಮತ್ತು ನೋವಿನ ಮಾತ್ರೆ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಅಲ್ಲೂ, ಸೋರಿಯಾಸಿಸ್ ಜೊತೆಗೆ ಬರುವ ಸಂಧಿವಾತದಲ್ಲೂ ಈ ಮದ್ದುಗಳು ನಾಟಿದವು. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಮಾತ್ರ ಟಿಎನ್‌ಎಫ್ ತಡೆದದ್ದಕ್ಕೆ ರೋಗ ಉಲ್ಬಣಿಸಿತು. ರುಮಟಾಯ್ಡ್‌ನಲ್ಲೂ ಸರಿಸುಮಾರು ಮೂವರಲ್ಲಿ ಒಬ್ಬರಿಗೆ ಈ ಮದ್ದು ಸಾಕಷ್ಟು ನಾಟುವುದಿಲ್ಲ, ಅವರಲ್ಲಿ ತೂಬು ಬೇರೆಲ್ಲೋ ಇರಬೇಕು. ಮೈನಿ ಮತ್ತು ಫೆಲ್ಡ್‌ಮನ್ ಅವರಿಗೆ 2003ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. ಬ್ರೆನನ್ 2012ರಲ್ಲಿ ತೀರಿಕೊಂಡರು.

ಭಾರತದಲ್ಲಿ ಅಡಾಲಿಮುಮಾಬ್‌ನ ಅಗ್ಗದ ತದ್ರೂಪವನ್ನು ಅಹಮದಾಬಾದಿನ ಝೈಡಸ್ 2014ರಲ್ಲಿ ತಂದಿತು. ಬೆಂಗಳೂರಿನ ಬಯೋಕಾನ್ ಬಯಾಲಜಿಕ್ಸ್ ಅದೇ ಮದ್ದಿನ ಇನ್ನೊಂದು ತದ್ರೂಪವನ್ನು ಹುಲಿಯೊ ಎಂಬ ಹೆಸರಿನಲ್ಲಿ ವಿದೇಶಗಳಲ್ಲಿ ಮಾರುತ್ತದೆ. ಆದರೆ ನಮ್ಮಲ್ಲಿ ಬೆಲೆಯಷ್ಟೇ ದೊಡ್ಡ ಚಿಂತೆ ಇನ್ನೊಂದಿದೆ. ಎಷ್ಟೋ ಮಂದಿಯ ಶ್ವಾಸಕೋಶದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಸದ್ದಿಲ್ಲದೆ ಅಡಗಿರುತ್ತವೆ, ಅವುಗಳ ಸುತ್ತ ರಕ್ಷಣಾ ಕೋಶಗಳ ಗೋಡೆ ನಿಂತಿರುವುದು ಟಿಎನ್‌ಎಫ್ ಬಲದಿಂದಲೇ. ಅದನ್ನು ತಡೆದರೆ ಗೋಡೆ ಸಡಿಲವಾಗುತ್ತದೆ. ಇನ್‌ಫ್ಲಿಕ್ಸಿಮಾಬ್ ಪಡೆದ 70 ಮಂದಿಯಲ್ಲಿ ಕ್ಷಯ ಕಾಣಿಸಿಕೊಂಡ ವರದಿ 2001ರಲ್ಲಿ ಬಂದಾಗಿನಿಂದ ಈ ಎಚ್ಚರ ಕಡ್ಡಾಯವಾಗಿದೆ. ಹಾಗಾಗಿ ಇಂದು ಸಂಧಿವಾತದ ವೈದ್ಯರು ಮೊದಲ ಚುಚ್ಚುಮದ್ದಿಗೆ ಮುಂಚೆ ಎದೆಯ ಎಕ್ಸ್‌ರೇ ತೆಗೆಸುತ್ತಾರೆ, ಜೊತೆಗೆ ಮಾಂಟೂ ಅಥವಾ ಇಗ್ರಾ ಪರೀಕ್ಷೆ ಮಾಡಿಸುತ್ತಾರೆ. ಅಡಗಿದ ಕ್ಷಯದ ಸುಳಿವು ಸಿಕ್ಕರೆ ಮೊದಲು ಅದರ ಮಾತ್ರೆ, ಕೆಲವು ವಾರ ಬಿಟ್ಟು ಕೀಲಿನ ಮದ್ದು.