ಬಾಡಿಗೆ ಕೊಟ್ಟ ಮೇಲೆ ಗಾಳಿ, ಬೆಳಕು ಬೇಡವೇ?

ಪರೀಕ್ಷೆಯ ಫಲಿತಾಂಶ ಬಂದು, ಯಾವ ಊರಿನ ಯಾವ ಕಾಲೇಜು ಎಂಬುದು ಗೊತ್ತಾಗುತ್ತಿದ್ದಂತೆ ಸಾವಿರಾರು ಮನೆಗಳಲ್ಲಿ ಎರಡನೆಯ ಚಿಂತೆ ಶುರುವಾಗುತ್ತದೆ. ಸೀಟು ಸಿಕ್ಕಿತು, ಇನ್ನು ಇರುವುದೆಲ್ಲಿ? ಹಾಸ್ಟೆಲಿನ ಪಟ್ಟಿಯಲ್ಲಿ ಹೆಸರಿಲ್ಲ. ನೆಂಟರ ಮನೆಯಲ್ಲಿ ಎಷ್ಟು ದಿನ ಇರಲಾದೀತು? ಕೊನೆಗೆ ಅಪ್ಪ ಮಗ, ಇಲ್ಲವೇ ಅಮ್ಮ ಮಗಳು, ಧಾರವಾಡದ ಸಪ್ತಾಪುರದಲ್ಲೋ ಮೈಸೂರಿನ ಸರಸ್ವತಿಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ‘ರೂಮು ಬಾಡಿಗೆಗೆ ಇದೆ’ ಎಂಬ ಬೋರ್ಡು ಹುಡುಕುತ್ತ ಬೀದಿ ಬೀದಿ ಅಲೆಯುತ್ತಾರೆ.

ಸಂಜೆಯ ಬಸ್ಸಿಗೆ ಊರಿಗೆ ಹಿಂದಿರುಗುವ ಅವಸರ. ಸಿಕ್ಕಿದ ರೂಮಿಗೆ ಅಡ್ವಾನ್ಸ್ ಕೊಟ್ಟು, ತೋರಿಸಿದ ಕಡೆ ಸಹಿ ಹಾಕಿಬಿಡುತ್ತಾರೆ. ಕಿಟಕಿ ಇದೆಯೇ, ಗೋಡೆ ಒಣಗಿದೆಯೇ, ಕಾಗದದಲ್ಲಿ ಏನು ಬರೆದಿದೆ ಎಂದು ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ. ಮಳೆಗಾಲ ಹಿಡಿದು ಗೋಡೆಗೆ ಬೂಷ್ಟು ಬಂದಾಗ, ನಲ್ಲಿಯಲ್ಲಿ ನೀರು ನಿಂತಾಗ, ಸ್ವಿಚ್ಚು ಮುಟ್ಟಿದರೆ ಜುಮ್ಮೆಂದಾಗ ‘ಓನರ್ ಹತ್ತಿರ ಹೇಳಿದರೆ ಖಾಲಿ ಮಾಡು ಅಂತಾರೆ’ ಎಂದು ಮಕ್ಕಳು ಬಾಯಿ ಮುಚ್ಚಿಕೊಂಡಿರುತ್ತಾರೆ. ಬಾಡಿಗೆದಾರನಿಗೂ ಹಕ್ಕುಗಳಿವೆ ಎಂಬುದು ಅನೇಕರಿಗೆ ತಿಳಿದೇ ಇಲ್ಲ.

ಕಾನೂನು ಏನು ಹೇಳುತ್ತದೆ?

ವಸತಿ ಎಂದರೆ ತಲೆಯ ಮೇಲೊಂದು ಸೂರು ಮಾತ್ರವಲ್ಲ. 1996ರ ಚಮೇಲಿ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಸತಿಯ ಹಕ್ಕನ್ನು ವಿವರಿಸುವಾಗ ಸಾಕಷ್ಟು ಜಾಗ, ಭದ್ರವಾದ ಕಟ್ಟಡ, ಶುಚಿಯಾದ ಪರಿಸರ, ಗಾಳಿ, ಬೆಳಕು, ಶುದ್ಧ ನೀರು, ವಿದ್ಯುತ್ತು, ಶೌಚ ವ್ಯವಸ್ಥೆ ಎಲ್ಲವನ್ನೂ ಅದರೊಳಗೆ ಸೇರಿಸಿತು. ಆದರೆ ಇದು ಸರ್ಕಾರದ ಹೊಣೆಯನ್ನು ಕುರಿತ ಮಾತು. ಮಾಲೀಕ ಮತ್ತು ಬಾಡಿಗೆದಾರರ ನಡುವಿನ ದಿನನಿತ್ಯದ ವ್ಯವಹಾರಕ್ಕೆ ಬೇರೆ ಕಾನೂನುಗಳನ್ನು ನೋಡಬೇಕು.

ಕರ್ನಾಟಕದಲ್ಲಿ ಬಾಡಿಗೆಗೆಂದೇ ಇರುವುದು 1999ರ ಕರ್ನಾಟಕ ಬಾಡಿಗೆ ಕಾಯ್ದೆ. 1961ರ ಹಳೆಯ ಬಾಡಿಗೆ ನಿಯಂತ್ರಣ ಕಾಯ್ದೆಯ ಬದಲಿಗೆ ಇದು 2001ರ ಡಿಸೆಂಬರ್ 31ರಂದು ಜಾರಿಗೆ ಬಂತು. ಮನೆಯನ್ನು ಸುಸ್ಥಿತಿಯಲ್ಲಿಡುವುದು ಮಾಲೀಕನ ಕರ್ತವ್ಯ, ನೀರು ವಿದ್ಯುತ್ತಿನಂಥ ಅಗತ್ಯ ಸೌಕರ್ಯಗಳನ್ನು ಕಾರಣವಿಲ್ಲದೆ ಕಡಿತಗೊಳಿಸುವಂತಿಲ್ಲ ಎಂಬ ಮಾತುಗಳು ಅದರಲ್ಲಿವೆ. ಆದರೆ ತೊಡಕು ಇರುವುದೂ ಅಲ್ಲಿಯೇ. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳು ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಇಂದು ಬೆಂಗಳೂರಿನಲ್ಲಿ ಆ ಬಾಡಿಗೆಗೆ ಶೀಟಿನ ರೂಮು ಸಿಕ್ಕಿದರೆ ಪುಣ್ಯ!

ಹಾಗಾದರೆ ಉಳಿದವರ ಪಾಡೇನು? ಅವರಿಗೆ ಆಸರೆ 1882ರಷ್ಟು ಹಳೆಯದಾದ ಆಸ್ತಿ ವರ್ಗಾವಣೆ ಕಾಯ್ದೆ. ಅದರ 108ನೆಯ ಕಲಮನ್ನು ಪ್ರತಿಯೊಬ್ಬ ಬಾಡಿಗೆದಾರನೂ ತಿಳಿದಿರಬೇಕು. ಮೇಲುನೋಟಕ್ಕೆ ಕಾಣದ, ಆದರೆ ಮಾಲೀಕನಿಗೆ ಗೊತ್ತಿರುವ ದೊಡ್ಡ ದೋಷ ಮನೆಯಲ್ಲಿದ್ದರೆ ಅದನ್ನು ಆತ ಮೊದಲೇ ಹೇಳಬೇಕು. ಬಾಡಿಗೆ ಕೊಟ್ಟು ಕರಾರಿನಂತೆ ನಡೆದುಕೊಳ್ಳುವವರೆಗೆ ಬಾಡಿಗೆದಾರ ನೆಮ್ಮದಿಯಿಂದ ಇರಲು ಬಿಡಬೇಕು. ತಾನು ಮಾಡಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಯುಕ್ತ ಕಾಲದೊಳಗೆ ಮಾಡದಿದ್ದರೆ, ಬಾಡಿಗೆದಾರನೇ ಅದನ್ನು ಮಾಡಿಸಿ ಖರ್ಚನ್ನು ಬಡ್ಡಿ ಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು.

ಇಲ್ಲಿ ಎರಡು ಮಾತುಗಳನ್ನು ಗಮನಿಸಬೇಕು. ಒಂದು, ‘ತಾನು ಮಾಡಬೇಕಾದ ದುರಸ್ತಿ’. ಎಲ್ಲ ದುರಸ್ತಿಯೂ ಮಾಲೀಕನದೇ ಎಂದು ಈ ಕಲಮು ಹೇಳುವುದಿಲ್ಲ. ಎರಡು, ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಅದೇ ನಡೆಯುತ್ತದೆ. ಅಂದರೆ ಬಾಡಿಗೆದಾರನ ಹಕ್ಕು ಬಹುಮಟ್ಟಿಗೆ ಅವನು ಸಹಿ ಹಾಕುವ ಕಾಗದದಲ್ಲಿಯೇ ಇದೆ. ಓದದೆ ಸಹಿ ಹಾಕುವುದು ಅದಕ್ಕಾಗಿಯೇ ಅಪಾಯ.

ಕರಾರು ಪತ್ರ

ಹನ್ನೊಂದು ತಿಂಗಳ ಕರಾರು ಎಲ್ಲರಿಗೂ ಪರಿಚಿತ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು. ಅದರ ಖರ್ಚು, ಓಡಾಟ ತಪ್ಪಿಸಲು ಬಂದ ರೂಢಿ ಇದು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ನಮೂನೆಯಲ್ಲಿ ಬಾಡಿಗೆ ಎಷ್ಟು, ಯಾವ ತಾರೀಖಿಗೆ ಕೊಡಬೇಕು, ಮೊಳೆ ಹೊಡೆಯಬಾರದು ಎಂಬುದೆಲ್ಲ ಇರುತ್ತದೆ. ಸೋರುವ ತಾರಸಿಯನ್ನು ಯಾರು ಸರಿಮಾಡಿಸಬೇಕು ಎಂಬುದು ಮಾತ್ರ ಇರುವುದಿಲ್ಲ.

ಇದನ್ನು ಬರೆಸಿಕೊಳ್ಳಲು ಒಂದು ಒಳ್ಳೆಯ ಆಧಾರವಿದೆ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ದುರಸ್ತಿಯ ಹೊಣೆಯನ್ನು ಹಂಚಿ ಕೊಟ್ಟಿದ್ದಾರೆ. ಕಟ್ಟಡದ ದುರಸ್ತಿ, ಸುಣ್ಣಬಣ್ಣ, ನೀರಿನ ಪೈಪು ಬದಲಿಸುವುದು, ವೈರಿಂಗ್ ಇವು ಮಾಲೀಕನ ಪಾಲಿಗೆ. ನಲ್ಲಿಯ ವಾಷರು, ಸ್ವಿಚ್ಚು, ಕಟ್ಟಿಕೊಂಡ ಚರಂಡಿ, ಒಡೆದ ಗಾಜು ಇಂಥವು ಬಾಡಿಗೆದಾರನ ಪಾಲಿಗೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೂಡದು, ಮಾಲೀಕ ಒಳಗೆ ಬರಬೇಕಾದರೆ 24 ಗಂಟೆ ಮೊದಲೇ ತಿಳಿಸಬೇಕು ಎಂದೂ ಅದು ಹೇಳುತ್ತದೆ. ಇದು ಮಾದರಿ ಮಾತ್ರ. ಒಂದು ರಾಜ್ಯ ಅದನ್ನು ತನ್ನ ಕಾನೂನಾಗಿ ಮಾಡಿಕೊಂಡಾಗಲೇ ಅದಕ್ಕೆ ಬಲ. ಆದರೂ ‘ಸ್ವಾಮಿ, ಕೇಂದ್ರದ ಮಾದರಿಯಲ್ಲಿ ಹೀಗಿದೆ, ನಾವೂ ಹಾಗೇ ಬರೆದುಕೊಳ್ಳೋಣ’ ಎಂದು ಕೇಳಲು ಯಾರ ಅಡ್ಡಿಯೂ ಇಲ್ಲ.

ತಂದೆತಾಯಿಗಳಿಗೆ ಇನ್ನೊಂದು ಮಾತು. ಹದಿನೆಂಟು ತುಂಬದವರು ಕರಾರು ಮಾಡಿಕೊಳ್ಳಲು ಕಾನೂನಿನಲ್ಲಿ ಅರ್ಹರಲ್ಲ. ಪಿಯುಸಿ ಓದುವ ಮಗನಿಂದ ಸಹಿ ಹಾಕಿಸಿದ ಕಾಗದಕ್ಕೆ ಬೆಲೆಯಿಲ್ಲ. ಕರಾರು ನಿಮ್ಮ ಹೆಸರಿನಲ್ಲಿರಲಿ, ಅಡ್ವಾನ್ಸ್ ನಿಮ್ಮ ಬ್ಯಾಂಕ್ ಖಾತೆಯಿಂದಲೇ ಹೋಗಲಿ, ಒಂದು ಪ್ರತಿ ನಿಮ್ಮ ಕೈಯಲ್ಲಿರಲಿ.

ನೀರು, ಕರೆಂಟು, ಬೀಗ

ಜಗಳ ಬಂದಾಗ ಕೆಲವು ಮಾಲೀಕರು ಹಿಡಿಯುವ ಸುಲಭದ ದಾರಿ ಎಂದರೆ ಮೋಟಾರು ನಿಲ್ಲಿಸುವುದು ಅಥವಾ ಫ್ಯೂಸು ಕೀಳುವುದು. ವಿದ್ಯುತ್ತು ಮೂಲಭೂತ ಸೌಕರ್ಯ, ಮಾಲೀಕ ಒಪ್ಪಿಗೆ ಪತ್ರ ಕೊಡಲಿಲ್ಲವೆಂಬ ಕಾರಣಕ್ಕೆ ಬಾಡಿಗೆದಾರನಿಗೆ ಅದನ್ನು ನಿರಾಕರಿಸುವಂತಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟು ದಿಲೀಪ್ ವಿರುದ್ಧ ಸತೀಶ್ ಪ್ರಕರಣದಲ್ಲಿ ಹೇಳಿದೆ.

ತಿಂಗಳ ಬಾಡಿಗೆಯ ಮನೆ ಬಿಡಿಸಬೇಕಾದರೆ, ಕರಾರಿನಲ್ಲಿ ಬೇರೆ ಗಡುವು ಇಲ್ಲದಿದ್ದಾಗ, 15 ದಿನಗಳ ಲಿಖಿತ ನೋಟೀಸು ಬೇಕು. ಅಷ್ಟಾದರೂ ಬಿಡದಿದ್ದರೆ ಮಾಲೀಕ ಕೋರ್ಟಿಗೆ ಹೋಗಬೇಕೇ ಹೊರತು ತಾನೇ ಬೀಗ ಜಡಿದು ಸಾಮಾನು ಹೊರಗೆ ಹಾಕುವಂತಿಲ್ಲ. ಹಾಗೆ ಮಾಡಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೆಯ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಕೇಳಬಹುದು. ಆಸ್ತಿ ಯಾರದು ಎಂಬ ಪ್ರಶ್ನೆಯೇ ಆ ದಾವೆಯಲ್ಲಿ ಬರುವುದಿಲ್ಲ.

ಅಡ್ವಾನ್ಸ್ ಎಂಬ ಅಡಕತ್ತರಿ

ಮನೆ ಬಿಡುವಾಗ ‘ಪೇಂಟಿಂಗ್ ಖರ್ಚು’ ಎಂದು ಒಂದು ತಿಂಗಳ ಬಾಡಿಗೆ ಹಿಡಿಯುವುದು ಬೆಂಗಳೂರಿನಲ್ಲಿ ಬೇರೂರಿದ ಪದ್ಧತಿ. ಬಳಕೆಯಿಂದ ಸಹಜವಾಗಿ ಆಗುವ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ ಎಂದು 108ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಆದರೆ ‘ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳಲಾಗುವುದು’ ಎಂಬ ಸಾಲಿಗೆ ನೀವೇ ಸಹಿ ಹಾಕಿದ್ದರೆ ಮತ್ತೆ ವಾದ ಕಷ್ಟ. ಅಟ್ಟ ಮೇಲೆ ಒಲೆ ಉರಿದರೇನು ಬಂತು? ಆ ಸಾಲನ್ನು ಹೊಡೆಸುವುದಿದ್ದರೆ ಸಹಿಗೆ ಮುಂಚೆಯೇ ಹೊಡೆಸಬೇಕು. ಮನೆ ಹಿಡಿದ ದಿನವೇ ಗೋಡೆ, ಬಾಗಿಲು, ನಲ್ಲಿ, ಮೀಟರುಗಳ ಫೋಟೋ ತೆಗೆದು ಮಾಲೀಕರಿಗೂ ಒಂದು ಪ್ರತಿ ಕಳಿಸಿದರೆ ಮುಂದೆ ಅರ್ಧ ಜಗಳ ತಪ್ಪುತ್ತದೆ.

ಪಿ.ಜಿ.ಯಲ್ಲಿರುವವರು

ಪಿ.ಜಿ.ಯ ಲೆಕ್ಕ ಬೇರೆ. ಅಲ್ಲಿ ಸಾಮಾನ್ಯವಾಗಿ ಹಾಸಿಗೆಯನ್ನು ಬಳಸುವ ಅನುಮತಿ ಮಾತ್ರ ಸಿಗುತ್ತದೆ, ಬಾಡಿಗೆದಾರನ ಸ್ವಾಧೀನವಲ್ಲ. ಹೀಗಾಗಿ ಬಿಡಿಸುವುದು ಸುಲಭ. ಆದರೆ ಇನ್ನೊಂದು ಬಾಗಿಲು ತೆರೆದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಸೇವೆ’ ಎಂಬುದರೊಳಗೆ ಊಟ, ವಸತಿ ಎರಡೂ ಸೇರಿವೆ. ಹೇಳಿದ ಸೌಕರ್ಯ ಕೊಡದಿದ್ದರೆ, ಅಡ್ವಾನ್ಸ್ ಹಿಂದಿರುಗಿಸದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಬಹುದು.

2024ರ ಆಗಸ್ಟ್‌ನಲ್ಲಿ ಆಗಿನ ಬಿಬಿಎಂಪಿ ಬೆಂಗಳೂರಿನ ಪಿ.ಜಿ.ಗಳಿಗೆ ನಿಯಮಗಳನ್ನು ಹೊರಡಿಸಿತು. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಕಾವಲುಗಾರ, ಅಗ್ನಿ ಸುರಕ್ಷತೆ, ಅಡುಗೆಮನೆಗೆ ಆಹಾರ ಪರವಾನಗಿ ಅದರಲ್ಲಿದ್ದವು. ಬೇರೆ ಊರಿನವರಿಗೂ ಪಿ.ಜಿ. ನೋಡಲು ಹೋದಾಗ ಇದೊಂದು ಅಳತೆಗೋಲಾಗಬಹುದು. ಹತ್ತಕ್ಕೆ ಹನ್ನೆರಡು ಅಡಿಯ ಕೋಣೆಯಲ್ಲಿ ನಾಲ್ಕು ಮಂಚ ಕಂಡರೆ ಲೆಕ್ಕ ನೀವೇ ಹಾಕಿ.

ನೋಡಲೇಬೇಕಾದ ಐದು

ಹಕ್ಕುಗಳ ಮಾತು ಎಷ್ಟಿದ್ದರೂ ಪ್ರಾಣಾಪಾಯ ಕೋರ್ಟಿನ ತೀರ್ಪಿಗೆ ಕಾಯುವುದಿಲ್ಲ. ಸಹಿ ಹಾಕುವ ಮುನ್ನ ಹತ್ತು ನಿಮಿಷ ಇದಕ್ಕೆ ಮೀಸಲಿಡಿ.

ಗ್ಯಾಸ್ ಗೀಸರ್: ಬಚ್ಚಲಮನೆಯ ಒಳಗೇ ಇದ್ದರೆ ಆ ಮನೆ ಬೇಡ, ಇಲ್ಲವೇ ಅದನ್ನು ಹೊರಗೆ ಹಾಕಿಸಿ. ಗಾಳಿಯಾಡದ ಜಾಗದಲ್ಲಿ ಅನಿಲ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಸ್ನಾನಕ್ಕೆ ಹೋದವರು ಕೂಗಲೂ ಆಗದೆ ಕುಸಿಯುವುದು ಹೀಗೆ.

ವಿದ್ಯುತ್ತು: ಮೂರು ಪಿನ್ನಿನ ಸಾಕೆಟ್ಟಿಗೆ ಅರ್ಥಿಂಗ್ ಇದೆಯೇ, ಸೋರಿಕೆಯಾದರೆ ತಾನಾಗಿ ಕಡಿತವಾಗುವ 30 ಮಿಲಿ ಆಂಪಿಯರಿನ ಸಾಧನ ಬೋರ್ಡಿನಲ್ಲಿದೆಯೇ ಎಂದು ಎಲೆಕ್ಟ್ರಿಷಿಯನ್ನಿಂದ ನೋಡಿಸಿ.

ಹೊರಬರುವ ದಾರಿ: ಕಿಟಕಿಗೆ ಕಬ್ಬಿಣದ ಸರಳು, ಇರುವುದೊಂದೇ ಮೆಟ್ಟಿಲು, ರಾತ್ರಿ ಗೇಟಿಗೆ ಬೀಗ ಎಂದಾದರೆ ಬೆಂಕಿ ಬಿದ್ದಾಗ ಎತ್ತ ಓಡುವುದು? ಬೀಗದ ಕೈ ಒಳಗಿರುವವರ ಬಳಿಯೂ ಇರಲಿ.

ನೆಲಮಾಳಿಗೆ: 2024ರ ಜುಲೈ 27ರಂದು ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ತರಬೇತಿ ಕೇಂದ್ರವೊಂದರ ನೆಲಮಾಳಿಗೆಯ ಗ್ರಂಥಾಲಯಕ್ಕೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತರು. ವಾಸಕ್ಕಾಗಲಿ ಓದಿಗಾಗಲಿ ನೆಲಮಾಳಿಗೆ ಬೇಡ.

ಗಾಳಿ, ಬೆಳಕು: ವಾಸದ ಕೋಣೆ ಒಂದೇ ಇದ್ದರೆ ಅದು 9.5 ಚದರ ಮೀಟರಿಗಿಂತ, ಅಂದರೆ ಸುಮಾರು ನೂರು ಚದರ ಅಡಿಗಿಂತ, ಚಿಕ್ಕದಿರಬಾರದೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಮಧ್ಯಾಹ್ನವೂ ದೀಪ ಹಾಕಬೇಕಾದ, ಗೋಡೆಗೆ ಹೊಸದಾಗಿ ಬಣ್ಣ ಬಳಿದ ವಾಸನೆಯ ಹಿಂದೆ ತೇವದ ವಾಸನೆ ಬರುವ ಕೋಣೆಯಲ್ಲಿ ಮಕ್ಕಳು ವರ್ಷವಿಡೀ ಕೆಮ್ಮುತ್ತಿರುತ್ತಾರೆ.

ದೂರು ಹೇಗೆ?

ಮೊದಲು ಬಾಯಿಮಾತು, ಅದೂ ಮರ್ಯಾದೆಯಿಂದ. ಬಹುಪಾಲು ಮಾಲೀಕರು ಸಾಲ ಮಾಡಿ ಮನೆ ಕಟ್ಟಿದ ನಮ್ಮಂಥವರೇ. ನೇರವಾಗಿ ಹೇಳಿದರೆ ಕೇಳುತ್ತಾರೆ. ಕೇಳದಿದ್ದರೆ ಬರಹ: ತೊಂದರೆ ಏನು, ಯಾವಾಗಿನಿಂದ, ಎಷ್ಟು ದಿನದಲ್ಲಿ ಸರಿಯಾಗಬೇಕು ಎಂದು ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀತಿ ಇಟ್ಟುಕೊಳ್ಳಿ. ವಾಟ್ಸಾಪ್ ಸಂದೇಶಗಳನ್ನೂ ಅಳಿಸಬೇಡಿ. ಸಿಟ್ಟಿನಲ್ಲಿ ಬಾಡಿಗೆ ನಿಲ್ಲಿಸುವುದು ಮಾತ್ರ ಸಲ್ಲದು. ಬಾಡಿಗೆ ಬಾಕಿ ಇರುವವನ ದೂರಿಗೆ ಬೆಲೆ ಕಡಿಮೆ, ಬಿಡಿಸಲು ಮಾಲೀಕನಿಗೆ ಅದೇ ಕಾರಣವಾಗುತ್ತದೆ. ದುರಸ್ತಿ ಖರ್ಚನ್ನು ಮುರಿದುಕೊಳ್ಳುವುದಿದ್ದರೂ ನೋಟೀಸು, ಬಿಲ್ಲು, ಕರಾರು ಮೂರೂ ಕೈಯಲ್ಲಿರಬೇಕು.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಸುಮ್ಮನಾಗಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇರಲಿ ಉಚಿತ ನೆರವಿಗೆ ಅರ್ಹರು. ಉಳಿದವರಿಗೆ ಆದಾಯದ ಮಿತಿಯಿದೆ. ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳ ಆವರಣದಲ್ಲೇ ಇದರ ಕಚೇರಿ ಸಿಗುತ್ತದೆ, ಸಹಾಯವಾಣಿ 15100. ಅಂದರೆ ಊರು ಬಿಟ್ಟು ಬಂದ ಯಾವ ವಿದ್ಯಾರ್ಥಿನಿಯೂ ಕೇವಲ ಹಣವಿಲ್ಲದ ಕಾರಣಕ್ಕೆ ವಕೀಲರಿಲ್ಲದೆ ಉಳಿಯಬೇಕಾಗಿಲ್ಲ.

ಬೇರೆ ದೇಶಗಳಲ್ಲಿ

ಮಕ್ಕಳನ್ನು ಇಂಗ್ಲೆಂಡಿಗೆ ಓದಲು ಕಳಿಸಿರುವವರು ಅಲ್ಲಿನ ವ್ಯವಸ್ಥೆಯನ್ನೂ ತಿಳಿದಿರಲಿ. ವಾಸಯೋಗ್ಯತೆಯ ಕಾಯ್ದೆಯೊಂದು 2019ರ ಮಾರ್ಚ್‌ನಲ್ಲಿ ಅಲ್ಲಿ ಜಾರಿಗೆ ಬಂತು. ತೇವ, ಗಾಳಿಯ ಕೊರತೆ, ಕೆಟ್ಟ ಚರಂಡಿಯಿಂದ ಮನೆ ವಾಸಕ್ಕೆ ತಕ್ಕದ್ದಲ್ಲವೆಂದಾದರೆ ಬಾಡಿಗೆದಾರ ನೇರವಾಗಿ ಕೋರ್ಟಿಗೆ ಹೋಗಬಹುದು, ಕರಾರಿನಲ್ಲಿ ಏನೇ ಬರೆದಿದ್ದರೂ ಮಾಲೀಕ ತಪ್ಪಿಸಿಕೊಳ್ಳುವಂತಿಲ್ಲ. ಅಮೆರಿಕದಲ್ಲಿ 1970ರ ಜಾವಿನ್ಸ್ ಪ್ರಕರಣದಲ್ಲಿ ವಾಷಿಂಗ್ಟನ್ನಿನ ನ್ಯಾಯಾಲಯ, ಮನೆ ವಾಸಯೋಗ್ಯವಾಗಿರಬೇಕೆಂಬುದು ಬರೆಯದಿದ್ದರೂ ಪ್ರತಿ ಬಾಡಿಗೆ ಕರಾರಿನಲ್ಲಿ ಸೇರಿಯೇ ಇರುತ್ತದೆ ಎಂದು ಸಾರಿತು. ನಮ್ಮಲ್ಲಿ ಇನ್ನೂ ಅದನ್ನು ಬರೆಸಿಕೊಳ್ಳಬೇಕು; ವ್ಯತ್ಯಾಸ ಇಷ್ಟೇ.

ಬಾಡಿಗೆದಾರರಿಗೂ ಕರ್ತವ್ಯಗಳಿವೆ ಎಂಬುದನ್ನು ಮರೆಯುವಂತಿಲ್ಲ. ತಾರೀಖಿಗೆ ಸರಿಯಾಗಿ ಬಾಡಿಗೆ, ನೆರೆಯವರಿಗೆ ತೊಂದರೆಯಾಗದ ನಡವಳಿಕೆ, ಮನೆಯನ್ನು ತನ್ನದೆಂಬಂತೆ ನೋಡಿಕೊಳ್ಳುವುದು ಇವಿಷ್ಟಿದ್ದರೆ ಕೇಳುವ ದನಿಗೆ ಬಲ ಬರುತ್ತದೆ. ಮಕ್ಕಳಿಗೆ ಹೊಸ ಊರಿನಲ್ಲಿ ಪಾತ್ರೆ, ಹಾಸಿಗೆ, ಸ್ಟೌ ಕೊಡಿಸುವಾಗ ಕರಾರು ಪತ್ರದ ಒಂದು ಪ್ರತಿಯನ್ನೂ ಜೊತೆಗಿಡಿ. ಅದನ್ನು ಅವರ ಎದುರಿಗೇ ಒಮ್ಮೆ ಪೂರ್ತಿ ಓದಿ ಹೇಳಿ. ಬದುಕಿನಲ್ಲಿ ಅವರು ಹಾಕಲಿರುವ ಎಷ್ಟೋ ಸಹಿಗಳಿಗೆ ಅದು ಮೊದಲ ಪಾಠ.