ಕಾಡಿನಿಂದ ಬಂದು ಕಾಡಿಗೆ ಮರಳುವ ದೇವಿಯರು

ಹೈದರಾಬಾದಿನಲ್ಲಿ ನೆಲೆಗೊಂಡಿರುವ ನಮಗೆ ಇಲ್ಲಿಯ ಹಬ್ಬಹರಿದಿನಗಳು ಹೊಸವಲ್ಲ. ಆಷಾಢದಲ್ಲಿ ಬೋನಾಲಿನ ಮಡಕೆಗಳು ತಲೆಯೇರಿ ಸಾಗುವುದನ್ನು ಮನೆಯ ಮುಂದೆ ನಿಂತು ನೋಡುತ್ತೇವೆ. ಬತುಕಮ್ಮನ ದಿನಗಳಲ್ಲಿ, ನಮ್ಮ ಕಡೆಯ ಹೊಲದ ಬದುವಿನಲ್ಲಿ ಯಾರೂ ತಿರುಗಿ ನೋಡದ ತಂಗಡಿ ಹೂವಿಗೆ ಇಲ್ಲಿ ದೊರೆಯುವ ಮರ್ಯಾದೆಯನ್ನು ಕಂಡು ಬೆರಗಾಗುತ್ತೇವೆ. ಆದರೆ ಈ ನಗರದಿಂದ ಸುಮಾರು 250 ಕಿಲೋಮೀಟರು ದೂರದಲ್ಲಿ, ಮುಲುಗು ಜಿಲ್ಲೆಯ ಕಾಡಿನ ನಡುವೆ, ಎರಡು ವರ್ಷಕ್ಕೊಮ್ಮೆ ಮಾಘ ಮಾಸದಲ್ಲಿ ನೆರೆಯುವ ಮೇಡಾರಂ ಜಾತ್ರೆಯನ್ನು ನಮ್ಮಲ್ಲಿ ಕಂಡವರು ವಿರಳ. ಮೂವತ್ತು ವರ್ಷ ಈ ಊರಿನ ನೀರು ಕುಡಿದ ನಾನೇ 2024ರವರೆಗೆ ಅತ್ತ ಸುಳಿದಿರಲಿಲ್ಲವೆಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳಬೇಕು.

ಹೋದದ್ದೂ ನಮ್ಮ ಸ್ವಂತ ಭಕ್ತಿಯಿಂದಲ್ಲ. ನೆರೆಮನೆಯ ತೆಲುಗು ಗೃಹಸ್ಥರೊಬ್ಬರು ಮೊಮ್ಮಗಳು ಕಾಯಿಲೆಯಿಂದ ಚೇತರಿಸಿಕೊಂಡರೆ ಅವಳ ತೂಕದಷ್ಟು ಬೆಲ್ಲ ಒಪ್ಪಿಸುವುದಾಗಿ ಹರಕೆ ಹೊತ್ತಿದ್ದರು. ವಾಹನದಲ್ಲಿ ಎರಡು ಜಾಗ ಉಳಿದಿದ್ದವು. ರಾಯಚೂರಿನಿಂದ ಬಂದು ನಮ್ಮಲ್ಲಿ ಉಳಿದಿದ್ದ ನನ್ನ ಅಣ್ಣ, ಅರವತ್ತೆಂಟರ ವಯಸ್ಸಿನಲ್ಲೂ ಜಾತ್ರೆಯೆಂದರೆ ಮಗುವಾಗುವವರು, "ನಡಿ, ನೋಡಿಬರೋಣ" ಎಂದರು. ಹೀಗೆ ಫೆಬ್ರವರಿ 21ರ ಬುಧವಾರ ನಸುಕಿನಲ್ಲಿ ಹೊರಟೆವು.

ವಾರಂಗಲ್ಲು ದಾಟಿ, ಮುಲುಗಿನ ಬಳಿ ಗಟ್ಟಮ್ಮನ ಗುಡಿಯ ಮುಂದೆ ಎಲ್ಲ ವಾಹನಗಳೂ ನಿಲ್ಲುತ್ತವೆ. ಮೊದಲ ಪೂಜೆ ಈ ತಾಯಿಗೆ. ಇವಳ ಅಪ್ಪಣೆಯಿಲ್ಲದೆ ಮುಂದೆ ಹೋಗುವುದಿಲ್ಲವೆಂಬುದು ವಾಡಿಕೆ. ಸಮೀಪದ ಪಾಲಂಪೇಟೆಯಲ್ಲಿ 1213ರಲ್ಲಿ ಕಟ್ಟಿಸಿದ ರಾಮಪ್ಪ ದೇವಾಲಯವಿದೆ. ಕಾಕತೀಯ ಗಣಪತಿದೇವನ ಸೇನಾನಿ ರೇಚರ್ಲ ರುದ್ರನ ಕೃತಿ. 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕಪ್ಪು ಕಲ್ಲಿನ ಮದನಿಕೆಯರನ್ನು ನೋಡಿದಾಗ ಬೇಲೂರು ನೆನಪಾಗದಿರದು. ಅದನ್ನು ವರ್ಣಿಸಹೊರಟರೆ ಬೇರೆಯೇ ಲೇಖನವಾದೀತು. ಇಷ್ಟನ್ನು ಮಾತ್ರ ನೆನಪಿಡಬೇಕು: ಈ ಕಲ್ಲಿನ ಗುಡಿಯನ್ನು ಕಟ್ಟಿಸಿದ ಅರಸುಮನೆತನವೇ ಮೇಡಾರಂ ಕಥೆಯಲ್ಲಿ ಎದುರಾಳಿ. ಒಂದು ಕಾಲಕ್ಕೆ ನಮ್ಮ ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದು ಬಳಿಕ ಸ್ವತಂತ್ರರಾದ ಆ ಕಾಕತೀಯರು.

ಕಥೆ ಹೀಗಿದೆ. ಬೇಟೆಗೆ ಹೋದ ಕೋಯ ನಾಯಕರಿಗೆ ಹುಲಿಗಳ ನಡುವೆ ಆಡುತ್ತಿದ್ದ ಹೆಣ್ಣುಕೂಸೊಂದು ಸಿಕ್ಕಿತು. ಅದಕ್ಕೆ ಸಮ್ಮಕ್ಕ ಎಂದು ಹೆಸರಿಟ್ಟು ಸಾಕಿದರು. ಬೆಳೆದ ಮೇಲೆ ಕಾಕತೀಯರಿಗೆ ಕಪ್ಪ ಕೊಡುತ್ತಿದ್ದ ಪಗಿಡಿದ್ದರಾಜುವಿನೊಡನೆ ಮದುವೆಯಾಯಿತು. ಸಾರಲಮ್ಮ, ನಾಗುಲಮ್ಮ ಎಂಬ ಹೆಣ್ಣುಮಕ್ಕಳು, ಜಂಪಣ್ಣನೆಂಬ ಮಗ. ಬರ ಬಿದ್ದಿತು, ಕಾಡಿನವರು ಕಂದಾಯ ಕಟ್ಟಲಾಗದೆಂದರು, ಅರಸ ಪ್ರತಾಪರುದ್ರ ಸೈನ್ಯ ಕಳುಹಿಸಿದ. ಗಂಡ, ಹೆಣ್ಣುಮಕ್ಕಳು, ಅಳಿಯ ಗೋವಿಂದರಾಜು ಎಲ್ಲರೂ ಮಡಿದರು. ಜಂಪಣ್ಣ ಸಂಪೆಂಗಿ ಹಳ್ಳಕ್ಕೆ ಹಾರಿ ಪ್ರಾಣಬಿಟ್ಟ. ಅಂದಿನಿಂದ ಅದು ಜಂಪಣ್ಣ ವಾಗು. ಗಾಯಗೊಂಡ ಸಮ್ಮಕ್ಕ ಚಿಲಕಲಗುಟ್ಟವೆಂಬ ಗುಡ್ಡದ ಕಡೆ ನಡೆದು ಕಣ್ಮರೆಯಾದಳು. ಹುಡುಕಿಹೋದವರಿಗೆ ದೊರೆತದ್ದು ಹುತ್ತದ ಬಳಿ ಒಂದು ಕುಂಕುಮದ ಭರಣಿ ಮಾತ್ರ.

ಇದು ಬಾಯಿಂದ ಬಾಯಿಗೆ ಬಂದ ಚರಿತ್ರೆ, ಶಾಸನದ ಚರಿತ್ರೆಯಲ್ಲ. ಆದರೆ ಸೋತವರ ಕಥೆಯನ್ನು ಕಲ್ಲಿನಲ್ಲಿ ಕೆತ್ತಿಸುವವರು ಯಾರಿದ್ದಾರೆ? ಬರಗಾಲದ ಕಂದಾಯಕ್ಕಾಗಿ ನಡೆದ ಈ ಜಗಳವನ್ನು ಕೋಯ ಜನ ಏಳು ನೂರು ವರ್ಷ ಮರೆತಿಲ್ಲ. ವಿಧಿಯ ವಿನೋದವೆಂಬಂತೆ, ಜಾತ್ರೆಯ ದಿನಗಳಲ್ಲಿ ಜಂಪಣ್ಣ ವಾಗುವಿಗೆ ನೀರು ಬರುವುದು ಕಾಕತೀಯರೇ ಕಟ್ಟಿಸಿದ ಲಕ್ನವರಂ ಕೆರೆಯಿಂದ.

ಸಂಜೆ ನಾವು ಮೇಡಾರಂ ತಲುಪುವ ಹೊತ್ತಿಗೆ ಕನ್ನೆಪಲ್ಲಿಯಿಂದ ಸಾರಲಮ್ಮನನ್ನು ಕರೆತರುತ್ತಿದ್ದರು. ಪೂನುಗೊಂಡ್ಲದಿಂದ ಪಗಿಡಿದ್ದರಾಜು, ಕೊಂಡಾಯಿಯಿಂದ ಗೋವಿಂದರಾಜು ಬಂದು ಸೇರುತ್ತಾರೆ. ನಾನು ಪಲ್ಲಕ್ಕಿಯನ್ನೂ ಮೂರ್ತಿಯನ್ನೂ ಹುಡುಕುತ್ತಿದ್ದೆ. ಮೂರ್ತಿ ಇರಲಿಲ್ಲ. ಇಲ್ಲಿ ಗರ್ಭಗುಡಿಯಿಲ್ಲ, ಗೋಪುರವಿಲ್ಲ. ಗದ್ದುಗೆ ಎನ್ನಬಹುದಾದ ಎತ್ತರದ ಕಟ್ಟೆಗಳು ಮಾತ್ರ. ಅರಿಸಿನ ಕುಂಕುಮ ಬಳಿದ ಬಿದಿರ ಗಳುವೇ ದೇವಿಯ ರೂಪ. ಪೂಜಾರಿಗಳೆಲ್ಲರೂ ಕೋಯ ಮನೆತನದವರು. ಹೈದರಾಬಾದಿನ ಅಂಗಡಿಗಳಲ್ಲಿ ಹುಲಿಯ ಮೇಲೆ ಕುಳಿತ ಸಮ್ಮಕ್ಕನ ಬಣ್ಣದ ಪಟಗಳು ಧಾರಾಳವಾಗಿ ಮಾರಾಟವಾಗುತ್ತವೆ. ನಮ್ಮಂಥ ಪೇಟೆಯವರಿಗೆ ಮುಖವಿಲ್ಲದ ದೇವರನ್ನು ನಂಬುವುದು ಕಷ್ಟವಾಗಿರಬೇಕು.

ಬಿದಿರನ್ನು ಕಂಡೊಡನೆ ನನಗೆ ನಮ್ಮ ನಾಡಿನ ಸೋಲಿಗರು ನೆನಪಾದರು. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಾವು ಬಿದಿರಿನಿಂದ ಹುಟ್ಟಿದವರೆಂದು ಹೇಳಿಕೊಳ್ಳುತ್ತಾರೆ. ಅವರ ದೊಡ್ಡ ಸಂಪಿಗೆಯೂ ಗುಡಿಯಲ್ಲ, ನೂರಾರು ವರ್ಷದ ಒಂದು ಮಹಾವೃಕ್ಷ. ರಾಗಿ ಬೆಳೆ ಕೈಸೇರಿದ ಮೇಲೆ ರೊಟ್ಟಿ ಹಬ್ಬ ಮಾಡಿ, ಹೊಸ ರಾಗಿಯ ರೊಟ್ಟಿಯನ್ನು ದೇವರಿಗಿತ್ತು ಎಲ್ಲರೂ ಹಂಚಿ ತಿಂದು ಇರುಳಿಡೀ ಕುಣಿಯುತ್ತಾರೆ. 1974ರಲ್ಲಿ ಆ ಕಾಡು ವನ್ಯಧಾಮವಾದಾಗ ಬೇಟೆಯೂ ಬೆಂಕಿ ಬೇಸಾಯವೂ ನಿಂತು, ಅವರು ತಮ್ಮ ನೆಲದಲ್ಲೇ ಹೊರಗಿನವರಾದರು. 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಮರಳಿ ದೊರೆಯಿತು. ಅದೇ ವರ್ಷ ಆ ಕಾಡು ಹುಲಿಧಾಮವೂ ಆಯಿತು. ಮೇಡಾರಮ್ಮಿನ ಸುತ್ತಲಿನ ಏಟೂರುನಾಗಾರಂ ಅಭಯಾರಣ್ಯಕ್ಕೂ ಇಂಥದೇ ಹಿನ್ನೆಲೆ: 1950ರ ದಶಕದ ಆದಿಯಲ್ಲಿ, ನಮ್ಮ ರಾಯಚೂರು, ಗುಲಬರ್ಗಾ, ಬೀದರಗಳೂ ಸೇರಿದ್ದ ಅಂದಿನ ಹೈದರಾಬಾದ್ ರಾಜ್ಯದ ಸರಕಾರ ಅದನ್ನು ಸಾರಿತು. ಅಣ್ಣನಿಗೆ ಇದನ್ನು ಹೇಳಿದಾಗ "ಹಾಗಾದರೆ ಇದು ನಮ್ಮದೇ ಕಾಡು" ಎಂದು ನಕ್ಕರು.

ಗುರುವಾರ ಸಂಜೆಯ ನೋಟವನ್ನು ಹೇಗೆ ಬಣ್ಣಿಸಲಿ? ಪೂಜಾರಿಗಳು ಚಿಲಕಲಗುಟ್ಟಕ್ಕೆ ಹೋಗಿ, ಯಾರಿಗೂ ಕಾಣದ ಎಡೆಯಿಂದ ಸಮ್ಮಕ್ಕನನ್ನು ತರುತ್ತಾರೆ. ಅವಳು ಗುಡ್ಡವಿಳಿಯುವಾಗ ಪೊಲೀಸ್ ಅಧಿಕಾರಿ ಆಕಾಶಕ್ಕೆ ಗುಂಡು ಹಾರಿಸಿ ಗೌರವ ಸಲ್ಲಿಸುವ ಪದ್ಧತಿಯಿದೆ. ಒಮ್ಮೆ ಅರಸನ ದಂಡು ಅಟ್ಟಿಸಿಕೊಂಡು ಹೋದ ಹೆಣ್ಣಿಗೆ ಇಂದಿನ ಸರಕಾರದ ವಂದನೆ! ಆ ಸದ್ದಿನೊಡನೆ ಕಣ್ಣಳತೆಯ ದೂರದವರೆಗೂ ಜನ ಎದ್ದುನಿಂತರು. ಡೋಲು, ಕೊಂಬು, ಮೈಮೇಲೆ ಬಂದು ಕುಣಿಯುವ ಹೆಂಗಸರು, ಅರಿಸಿನದ ಧೂಳು. ಪೂಜಾರಿ ಓಡೋಡಿ ಬರುತ್ತಿದ್ದರು, ಸುತ್ತ ಹಗ್ಗ ಹಿಡಿದ ಕಾವಲು. ನನಗೆ ಕಂಡದ್ದು ಒಂದು ಕೆಂಪು ಬಟ್ಟೆಯ ಗಂಟು, ಅರೆಕ್ಷಣ. ಪಕ್ಕದಲ್ಲಿದ್ದ ಮುದುಕಿಗೆ ಅದೂ ಕಂಡಿರಲಾರದು. ಆಕೆ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದಳು.

1996ರಲ್ಲಿ ಅಂದಿನ ಆಂಧ್ರಪ್ರದೇಶ ಸರಕಾರ ಇದನ್ನು ರಾಜ್ಯೋತ್ಸವವೆಂದು ಘೋಷಿಸಿತು. ನಾವು ಹೋದ ವರ್ಷ ಒಂದು ಕೋಟಿಗೂ ಮೀರಿದ ಜನ ಬಂದಿದ್ದರೆಂದು ಅಂದಾಜು. ಸಣ್ಣ ಹಳ್ಳಿಯೊಂದು ನಾಲ್ಕು ದಿನದ ಮಟ್ಟಿಗೆ ಮಹಾನಗರವಾಗುವುದೆಂದರೆ ಆರೋಗ್ಯದ ದೃಷ್ಟಿಯಿಂದ ಏನೆಂಬುದನ್ನು ಶುಕ್ರವಾರ ನಾವು ಸ್ವಂತ ಅನುಭವದಿಂದ ಅರಿತೆವು.

ಅಂದು ಹರಕೆಯ ದಿನ. ಇಲ್ಲಿ ಬೆಲ್ಲಕ್ಕೆ ಬಂಗಾರವೆಂದೇ ಹೆಸರು. ಮಗುವನ್ನು ತಕ್ಕಡಿಯಲ್ಲಿ ಕೂಡಿಸಿ ಹದಿನಾಲ್ಕು ಕಿಲೋ ಬಂಗಾರ ತೂಗಿದರು. ಅಣ್ಣ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆಯವರು. ಬೆಳಿಗ್ಗೆ ಮಾತ್ರೆ ನುಂಗಿದ್ದರು. ದರ್ಶನವಾಗುವವರೆಗೆ ಏನೂ ತಿನ್ನುವುದಿಲ್ಲವೆಂದು ಯಾರಿಗೂ ಹೇಳದೆ ನಿಶ್ಚಯಿಸಿದ್ದರು. ಸರತಿಯಲ್ಲಿ ಎರಡು ತಾಸು ಬಿಸಿಲು. ಮೊದಲು ಮೈ ಬೆವೆತಿತು, ಕೈ ನಡುಗಿತು, ಮಾತು ತೊದಲಿತು. ನಾನು ಬಿಸಿಲಿನ ತಾಪವೆಂದುಕೊಂಡು ಬೀಸಣಿಗೆ ಹುಡುಕುತ್ತಿದ್ದೆ. ಹಿಂದೆ ನಿಂತಿದ್ದ ಹಳ್ಳಿಯ ಹೆಂಗಸೊಬ್ಬಳು ತನ್ನ ಹರಕೆಯ ಬೆಲ್ಲದ ಉಂಡೆಯಿಂದ ಒಂದು ತುಂಡು ಮುರಿದು ಅವರ ಬಾಯಿಗಿಟ್ಟು "ಅಮ್ಮನ ಬಂಗಾರ, ತಿನ್ನು" ಎಂದಳು. ಕಾಲುಗಂಟೆಯಲ್ಲಿ ಅಣ್ಣ ಸರಿಯಾಗಿ ಮಾತನಾಡತೊಡಗಿದರು.

ತಾತ್ಕಾಲಿಕ ಚಿಕಿತ್ಸಾ ಶಿಬಿರದ ತರುಣ ವೈದ್ಯೆ ಕೇಳಿ ನಕ್ಕು, ಆಮೇಲೆ ಗಂಭೀರವಾಗಿ ಹೇಳಿದರು: ಇದು ಬಿಸಿಲಿನ ಬಾಧೆಯಲ್ಲ, ರಕ್ತದಲ್ಲಿ ಸಕ್ಕರೆ ಕುಸಿದದ್ದು. ಇಂಥ ವೇಳೆಯಲ್ಲಿ ಸಕ್ಕರೆ ಅಥವಾ ಬೆಲ್ಲವೇ ಮದ್ದು. ಸ್ವಲ್ಪ ಹೊತ್ತಿನ ಬಳಿಕ ಊಟವನ್ನೂ ಕೊಡಬೇಕು. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ವೈದ್ಯರಲ್ಲಿಗೆ ಒಯ್ಯಬೇಕು, ಇಲ್ಲದಿದ್ದರೆ ಶ್ವಾಸನಾಳಕ್ಕೆ ಇಳಿದೀತು. ಮಾತ್ರೆ ನುಂಗಿ ಉಪವಾಸ ಮಾಡುವುದು ದೇವರಿಗೂ ಬೇಡದ ವ್ರತವೆಂದು ಅಣ್ಣನಿಗೆ ಗದರಿಸಿದರು. ನಮ್ಮ ಬಳಗದಲ್ಲಿ ಏಕಾದಶಿ, ಸಂಕಷ್ಟಿಗಳನ್ನು ಬಿಡದ ಹಿರಿಯರು ಅನೇಕರಿರುವುದರಿಂದ ಇದನ್ನು ವಿವರವಾಗಿಯೇ ಬರೆದಿದ್ದೇನೆ. ಉಪವಾಸದ ದಿನ ಮಾತ್ರೆಯನ್ನು ಹೇಗೆ ಹೊಂದಿಸಬೇಕೆಂದು ಮುಂಚೆಯೇ ವೈದ್ಯರನ್ನು ಕೇಳಿಕೊಳ್ಳಿರಿ.

ಆ ಶಿಬಿರದಲ್ಲಿ ಅಂದು ಹೆಚ್ಚಾಗಿದ್ದದ್ದು ವಾಂತಿಭೇದಿಯ ಮಕ್ಕಳು. ವಾಗುವಿನಲ್ಲಿ ಲಕ್ಷಾಂತರ ಜನ ಮೀಯುತ್ತಾರೆ; ಅದೇ ನೀರನ್ನು ತೀರ್ಥವೆಂದು ಬಾಯಿಗೆ ಹಾಕಿಕೊಳ್ಳುವವರೂ ಉಂಟು. ತಲೆಗೆ ಪ್ರೋಕ್ಷಿಸಿಕೊಂಡರೆ ಸಾಕು, ಕುಡಿಯಬೇಕಾದ್ದಿಲ್ಲ. ಭೇದಿ ಹತ್ತಿದರೆ ಒಂದು ಲೀಟರು ಶುದ್ಧ ನೀರಿಗೆ ಆರು ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಬೇಕೆಂಬುದನ್ನು ಎಲ್ಲ ತಾಯಂದಿರೂ ಬಲ್ಲರು. ಜಾತ್ರೆಯ ಗದ್ದಲದಲ್ಲಿ ಮರೆಯುತ್ತಾರೆ.

ಹೊರಡುವಾಗ ಆ ವೈದ್ಯೆ ಇನ್ನೊಂದು ಮಾತು ಹೇಳಿದರು. ನೀವು ನಾಲ್ಕು ದಿನದ ಕಾಯಿಲೆಗೆ ಅಂಜುತ್ತೀರಿ, ಈ ಕಾಡಿನವರಿಗೆ ವರ್ಷವಿಡೀ ಬೇರೆ ಕಾಯಿಲೆಗಳಿವೆ: ಮಲೇರಿಯಾ, ರಕ್ತಹೀನತೆ, ವಂಶದಲ್ಲಿ ಇಳಿದುಬರುವ ಕುಡುಗೋಲು ಕಣ ರೋಗ. ತಂದೆತಾಯಿಗಳಿಬ್ಬರೂ ಆ ದೋಷದ ವಾಹಕರಾದರೆ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಂಭವ. ಇದರ ತಪಾಸಣೆಗೆಂದು ಕೇಂದ್ರ ಸರಕಾರ 2023ರ ಜುಲೈನಲ್ಲಿ ರಾಷ್ಟ್ರೀಯ ಯೋಜನೆ ಆರಂಭಿಸಿದೆ. ರಕ್ತಹೀನತೆಗೆ ಆದಿಲಾಬಾದ್ ಕಡೆಯಲ್ಲಿ ಬುಡಕಟ್ಟಿನ ಮಕ್ಕಳ ವಿದ್ಯಾರ್ಥಿನಿಲಯಗಳಲ್ಲಿ ಹಿಪ್ಪೆ ಹೂವಿನ ಲಡ್ಡು ಕೊಡುತ್ತಾರೆ. ಹಿಪ್ಪೆಯೆಂದರೆ ಸಾರಾಯಿ ಎಂದಷ್ಟೇ ತಿಳಿದಿದ್ದ ನನಗೆ ಇದು ಹೊಸ ಸಂಗತಿ. ಅದು ಬರಗಾಲದಲ್ಲಿ ಜೀವ ಉಳಿಸುವ ಆಹಾರ. ಸಮ್ಮಕ್ಕನ ಕಾಲದ ಬರದಲ್ಲೂ ಈ ಜನ ಅದನ್ನೇ ತಿಂದಿರಬೇಕೆಂದು ನನ್ನ ಊಹೆ.

ಕಾಡಿನ ವಿಷಯ ಹೇಳದೆ ಈ ಲೇಖನ ಮುಗಿಯದು. ತಾಡ್ವಾಯಿಯಿಂದ ಮೇಡಾರಮ್ಮಿಗೆ ಹೋಗುವ ದಾರಿಯ ಎರಡು ಬದಿಗೂ ತೇಗ, ಮತ್ತಿ, ಹಿಪ್ಪೆ, ಬಿದಿರು. ಜನ ಅದೇ ಮರಗಳ ಕೆಳಗೆ ಬಿಡಾರ ಹೂಡುತ್ತಾರೆ, ಕೊಂಬೆ ಕಡಿದು ಚಪ್ಪರ ಹಾಕುತ್ತಾರೆ, ಒಲೆ ಹೂಡುತ್ತಾರೆ. ಹಿಂದೆ ಎತ್ತಿನ ಬಂಡಿಯಲ್ಲಿ ಬಂದವರು ಮುತ್ತುಗದ ಎಲೆಯಲ್ಲಿ ಉಂಡು ಎಲೆಯನ್ನು ಕಾಡಿಗೇ ಬಿಟ್ಟುಹೋಗುತ್ತಿದ್ದರು. ನಾವು ಬಿಡುವುದು ಪ್ಲಾಸ್ಟಿಕ್ಕು, ಬಾಟಲಿ. ನಮ್ಮ ವಾಹನದವರೂ ಇದಕ್ಕೆ ಹೊರತಾಗಿರಲಿಲ್ಲ. ಎಲೆಯೂಟದ ಕಾಗದದ ತಟ್ಟೆಗಳನ್ನು ನಾನೇ ಒಂದು ಮರದ ಬುಡದಲ್ಲಿ ಇಟ್ಟುಬಂದೆ.

ಅದಾದ ಆರು ತಿಂಗಳಿಗೆ, 2024ರ ಆಗಸ್ಟ್ 31ರಂದು, ಈ ತಾಡ್ವಾಯಿ ಮೇಡಾರಂ ನಡುವಣ ಕಾಡಿನಲ್ಲಿ ಭಯಂಕರ ಗಾಳಿ ಬೀಸಿ ಸುಮಾರು 50,000 ಮರಗಳು ನೆಲಕಚ್ಚಿದವು. ಬೇರುಸಹಿತ ಕಿತ್ತುಬಿದ್ದ ಮರಗಳ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿದಾಗ, ನಾನು ತಟ್ಟೆಗಳನ್ನಿಟ್ಟ ಆ ಮರ ಉಳಿದಿದೆಯೋ ಇಲ್ಲವೋ ಎಂಬ ವಿಚಾರ ಬಂದು ರಾತ್ರಿ ಬಹಳ ಹೊತ್ತು ನಿದ್ರೆ ಬರಲಿಲ್ಲ.

ಶನಿವಾರದ ಸಂಜೆಯನ್ನು ಇನ್ನೂ ಹೇಳಿಲ್ಲ. ಜಾತ್ರೆಯ ಕಡೆಯ ವಿಧಿ ವನಪ್ರವೇಶ. ಬರುವಾಗ ಇದ್ದ ಗದ್ದಲ ಹೋಗುವಾಗ ಇರಲಿಲ್ಲ. ಬೆಲ್ಲದ ಮೇಲೆ ಜೇನ್ನೊಣಗಳು ಮುತ್ತಿದ್ದವು. ಅಂಗಡಿಯವರು ಗಂಟು ಕಟ್ಟುತ್ತಿದ್ದರು. ನಮ್ಮ ಚಾಲಕ ದಾರಿ ಕಟ್ಟೀತೆಂದು ಅವಸರಪಡಿಸುತ್ತಿದ್ದ. ಪೂಜಾರಿಗಳು ಸಮ್ಮಕ್ಕನನ್ನು ಎತ್ತಿಕೊಂಡು ಗುಡ್ಡದ ಕಡೆ ನಡೆದರು. ಅವಳ ನೆಲೆಯನ್ನು ಕಾಣಲು ಹೊರಗಿನವರಿಗೆ ಅವಕಾಶವಿಲ್ಲ. ನೆರೆಮನೆಯವರ ಮೊಮ್ಮಗಳು ಅಣ್ಣನ ಕೈಹಿಡಿದು, "ಅಮ್ಮ ಎಲ್ಲಿ ಹೋಗ್ತಾಳೆ?" ಎಂದು ತೆಲುಗಿನಲ್ಲಿ ಕೇಳಿದಳು. ಅಣ್ಣ ಮರೆತು ಕನ್ನಡದಲ್ಲಿಯೇ "ಮನೆಗೆ" ಎಂದರು. ಅವಳಿಗೆ ಅರ್ಥವಾಯಿತೆಂದು ತೋರುತ್ತದೆ. ಮರಗಳ ಸಾಲಿನ ಕಡೆಗೆ ಕೈಬೀಸಿದಳು.